ನೆಲನೆಲ್ಲಿ, ಕಾಮಾಲೆ ಮತ್ತು ವೈರಸ್ ಸಂಶೋಧಕರ ಕೆಲಸ

ಮಳೆ ಹಿಡಿದು ಎರಡು ವಾರ ಕಳೆದರೆ ಸಾಕು, ಕಾಸರಗೋಡಿನ ಯಾವ ಅಡಿಕೆ ತೋಟದಲ್ಲೂ ನೆಲನೆಲ್ಲಿ ಕಾಣಸಿಗುತ್ತದೆ. ಗೇಣು ಒಂದೂವರೆ ಗೇಣಿನ ಗಿಡ, ಎಲೆಯ ಅಡಿಯಲ್ಲಿ ಸಾಲಾಗಿ ಪುಟ್ಟ ಪುಟ್ಟ ಕಾಯಿ. ಮಲಯಾಳಿಗಳು ಕೀಳಾರ್‌ನೆಲ್ಲಿ ಎನ್ನುತ್ತಾರೆ. ಮನೆಯಲ್ಲಿ ಯಾರಿಗಾದರೂ ಕಣ್ಣು ಹಳದಿಯಾದರೆ ಇದನ್ನು ಬೇರುಸಮೇತ ಕಿತ್ತು, ತೊಳೆದು, ಅರೆದು, ಹಾಲಲ್ಲೋ ಮಜ್ಜಿಗೆಯಲ್ಲೋ ಕಲಸಿ ಖಾಲಿ ಹೊಟ್ಟೆಗೆ ಕೊಡುವುದು ರೂಢಿ. ಜೊತೆಗೆ ಎಣ್ಣೆ, ಉಪ್ಪು ಬಿಟ್ಟು ಪಥ್ಯ. ಹೆಚ್ಚಿನವರು ಒಂದೆರಡು ತಿಂಗಳಲ್ಲಿ ಗುಣವಾಗುತ್ತಾರೆ. ಹಾಗಾಗಿ ಮದ್ದು ಹಿಡಿಯಿತು ಎಂಬ ನಂಬಿಕೆ ಗಟ್ಟಿಯಾಗಿದೆ.

ನೊಬೆಲ್ ಪಡೆದ ವಿಜ್ಞಾನಿಯೊಬ್ಬರು ಈ ಗಿಡವನ್ನು ವರ್ಷಗಟ್ಟಲೆ ಗಂಭೀರವಾಗಿ ಪರೀಕ್ಷಿಸಿದ್ದರು, ರೋಗಿಗಳ ಮೇಲಿನ ಮೊದಲ ದೊಡ್ಡ ಪ್ರಯೋಗ ನಡೆದದ್ದು ಮದ್ರಾಸಿನಲ್ಲಿ ಎಂಬುದು ನಮ್ಮಲ್ಲಿ ಬಹಳ ಜನರಿಗೆ ತಿಳಿದಿಲ್ಲ. ವೈರಸ್ ಮತ್ತು ಔಷಧೀಯ ಸಸ್ಯಗಳ ಸಂಶೋಧನೆಗೆ ಹೋಗಬೇಕೆಂದಿರುವ ಬಿಎಸ್ಸಿ, ಎಂಎಸ್ಸಿ ವಿದ್ಯಾರ್ಥಿಗಳು ಈ ಒಂದು ಗಿಡದ ಹಿಂದೆ ಹೋದರೆ ಸಾಕು, ಇಡೀ ಕ್ಷೇತ್ರದ ಕೆಲಸ ಹೇಗೆ ನಡೆಯುತ್ತದೆ ಎಂಬುದು ಅರ್ಥವಾಗುತ್ತದೆ.

ಮೊದಲು ಕಾಯಿಲೆಯ ವಿಚಾರ. ಕಾಮಾಲೆ ಒಂದು ಲಕ್ಷಣ, ರೋಗವಲ್ಲ. ರಕ್ತದಲ್ಲಿ ಬಿಲಿರುಬಿನ್ ಎಂಬ ಹಳದಿ ವಸ್ತು ಏರಿದರೆ ಕಣ್ಣು, ಚರ್ಮ ಹಳದಿಯಾಗುತ್ತದೆ, ಮೂತ್ರ ಗಾಢವಾಗುತ್ತದೆ. ನಮ್ಮಲ್ಲಿ ಮಳೆಗಾಲದ ಕಾಮಾಲೆಗೆ ಮುಖ್ಯ ಕಾರಣ ಹೆಪಟೈಟಿಸ್ ಎ ಮತ್ತು ಇ ವೈರಸ್‌ಗಳು. ಎರಡೂ ಕೊಳಕು ನೀರಿನಿಂದ ಬರುತ್ತವೆ. ಶೌಚದ ಗುಂಡಿಯ ನೀರು ಬಾವಿಗೆ ಇಳಿದರೆ ಸಾಕು. ಇವೆರಡೂ ಸಾಮಾನ್ಯವಾಗಿ ತಾವಾಗಿಯೇ ವಾಸಿಯಾಗುವಂಥವು. ನಮ್ಮ ದೇಹದ ರೋಗನಿರೋಧಕ ಶಕ್ತಿಯೇ ವೈರಸ್ಸನ್ನು ಹೊರಹಾಕುತ್ತದೆ. ಆ ಹೊತ್ತಿನಲ್ಲಿ ನೆಲನೆಲ್ಲಿ ಕೊಡಿ, ಕಬ್ಬಿನಹಾಲು ಕೊಡಿ, ಏನೂ ಕೊಡದೆ ಇರಿ, ಹೆಚ್ಚಿನವರಲ್ಲಿ ಫಲಿತಾಂಶ ಒಂದೇ. ಸಂಶೋಧಕರು ಹೋಲಿಕೆಗೆ ಇನ್ನೊಂದು ಗುಂಪು ಬೇಕೇ ಬೇಕು ಎಂದು ಹಟ ಹಿಡಿಯುವುದು ಇದಕ್ಕಾಗಿಯೇ. ಆ ಗುಂಪಿಲ್ಲದಿದ್ದರೆ ನೂರಕ್ಕೆ ತೊಂಬತ್ತೈದು ಮಂದಿ ಗುಣವಾದರು ಎಂಬ ಮಾತಿಗೆ ಬೆಲೆಯೇ ಇಲ್ಲ.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಎಲಿಪ್ಪನಿಯಲ್ಲೂ, ಅಂದರೆ ಇಲಿಜ್ವರದಲ್ಲೂ ಕಣ್ಣು ಹಳದಿಯಾಗುತ್ತದೆ. ಅದು ಬ್ಯಾಕ್ಟೀರಿಯಾದ ಕಾಯಿಲೆ. ಗದ್ದೆ, ತೋಟದ ಕೆಸರಿನಲ್ಲಿ ಬರಿಗಾಲಲ್ಲಿ ಕೆಲಸ ಮಾಡುವವರಿಗೆ ತಗಲುವಂಥದ್ದು. ಡಾಕ್ಸಿಸೈಕ್ಲಿನ್ ಅಥವಾ ಪೆನಿಸಿಲಿನ್ ಬೇಗ ಸಿಕ್ಕರೆ ಜೀವ ಉಳಿಯುತ್ತದೆ. ನಾಲ್ಕು ದಿನ ಕಷಾಯ ಕುಡಿದು ಕಾದರೆ ಮೂತ್ರಪಿಂಡ ಕೈಕೊಡಬಹುದು. ಜ್ವರ, ಮೀನಖಂಡದಲ್ಲಿ ನೋವು, ಕೆಂಪು ಕಣ್ಣು, ಜೊತೆಗೆ ಹಳದಿ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಗರ್ಭಿಣಿಯರಿಗೆ ಕಾಮಾಲೆ ಬಂದರೂ ಹಾಗೆಯೇ, ಏಕೆಂದರೆ ಕೊನೆಯ ಮೂರು ತಿಂಗಳಲ್ಲಿ ಹೆಪಟೈಟಿಸ್ ಇ ಪ್ರಾಣಾಂತಿಕವಾಗುವುದುಂಟು.

ಹೆಪಟೈಟಿಸ್ ಬಿ ಕತೆ ಪೂರ್ತಿ ಬೇರೆ. ಅದು ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ತಾಯಿಯಿಂದ ಮಗುವಿಗೆ ಹರಡುತ್ತದೆ. ದೊಡ್ಡವರಿಗೆ ತಗಲಿದರೆ ನೂರರಲ್ಲಿ ತೊಂಬತ್ತೈದು ಮಂದಿ ಹೊರಹಾಕುತ್ತಾರೆ. ಹುಟ್ಟುವಾಗಲೇ ತಗಲಿದರೆ ಹತ್ತರಲ್ಲಿ ಒಂಬತ್ತು ಮಕ್ಕಳಲ್ಲಿ ಅದು ಜೀವಮಾನವಿಡೀ ಉಳಿಯುತ್ತದೆ, ಮುಂದೆ ಸಿರೋಸಿಸ್ (ಲಿವರ್ ಗಟ್ಟಿಯಾಗಿ ಕೆಡುವುದು), ಲಿವರ್ ಕ್ಯಾನ್ಸರ್‌ಗೆ ದಾರಿಯಾಗುತ್ತದೆ. ಹೀಗೆ ಉಳಿದವರಲ್ಲಿ ವೈರಸ್ಸಿನ ಹೊರಕವಚದ ಪ್ರೊಟೀನು, ಲ್ಯಾಬ್ ವರದಿಯಲ್ಲಿ ಬರುವ ಎಚ್‌ಬಿಎಸ್‌ಎಜಿ, ತಾನಾಗಿ ಮಾಯವಾಗುವುದು ವರ್ಷಕ್ಕೆ ನೂರರಲ್ಲಿ ಒಬ್ಬರಿಗೆ. ಮದ್ದಿಗೆ ನಿಜವಾದ ಪರೀಕ್ಷೆ ಇಲ್ಲಿದೆ, ಏಕೆಂದರೆ ಇಲ್ಲಿ ಕಾಲವೇ ಗುಣಪಡಿಸುವುದಿಲ್ಲ.

ಈ ಪ್ರೊಟೀನನ್ನು ಕಂಡುಹಿಡಿದವರು ಅಮೆರಿಕದ ಬರೂಕ್ ಬ್ಲೂಮ್‌ಬರ್ಗ್. ಅವರು ವೈರಸ್ ಹುಡುಕುತ್ತಿರಲಿಲ್ಲ. ಬೇರೆ ಬೇರೆ ಜನಾಂಗದವರ ರಕ್ತದ ಪ್ರೊಟೀನುಗಳಲ್ಲಿ ಇರುವ ವ್ಯತ್ಯಾಸ ಅವರ ವಿಷಯವಾಗಿತ್ತು. ಪದೇ ಪದೇ ರಕ್ತ ಪಡೆದ ಹೀಮೋಫಿಲಿಯಾ ರೋಗಿಗಳ ರಕ್ತದಲ್ಲಿ ಪರರ ಪ್ರೊಟೀನುಗಳ ವಿರುದ್ಧ ಪ್ರತಿಕಾಯಗಳು ಇರುತ್ತವೆ. ಅಂಥ ಒಬ್ಬ ರೋಗಿಯ ಸೀರಮ್ಮು, ಅಂದರೆ ರಕ್ತದ ತಿಳಿ ಭಾಗ, ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ಸೀರಮ್ಮಿನ ಜೊತೆ ಜೆಲ್‌ನಲ್ಲಿ ಗೆರೆ ಕಟ್ಟಿತು, ಎಂದರೆ ಅಲ್ಲಿನ ಯಾವುದೋ ಪ್ರೊಟೀನಿಗೆ ಪ್ರತಿಕಾಯ ಅಂಟಿತು. 1965ರಲ್ಲಿ ಅದನ್ನು ‘ಆಸ್ಟ್ರೇಲಿಯಾ ಆಂಟಿಜೆನ್’ ಎಂದು ಪ್ರಕಟಿಸಿದರು. ಅದು ಹೆಪಟೈಟಿಸ್ ಬಿ ವೈರಸ್ಸಿನದೇ ಎಂಬುದು ಆಮೇಲೆ ಸ್ಪಷ್ಟವಾಯಿತು. ರಕ್ತನಿಧಿಗಳಲ್ಲಿ ಪರೀಕ್ಷೆ ಶುರುವಾಯಿತು, ಸಹೋದ್ಯೋಗಿ ಇರ್ವಿಂಗ್ ಮಿಲ್‌ಮನ್ ಜೊತೆ ಲಸಿಕೆಗೆ ದಾರಿ ತೆರೆಯಿತು, 1976ರಲ್ಲಿ ನೊಬೆಲ್ ಬಂತು. ಅವರ ಹುಟ್ಟುಹಬ್ಬವಾದ ಜುಲೈ 28ನ್ನೇ ಇಂದು ವಿಶ್ವ ಹೆಪಟೈಟಿಸ್ ದಿನವೆಂದು ಆಚರಿಸುತ್ತಾರೆ.

ಇಷ್ಟೆಲ್ಲ ಸಾಧಿಸಿದ ಮನುಷ್ಯ ಆಮೇಲೆ ನೆಲನೆಲ್ಲಿಯತ್ತ ತಿರುಗಿದ್ದು ನನಗೆ ಬಹಳ ದೊಡ್ಡ ವಿಷಯವೆನಿಸುತ್ತದೆ. ಹಳ್ಳಿಮದ್ದು ಎಂದು ತಳ್ಳಿಹಾಕಲಿಲ್ಲ, ಋಷಿಗಳು ಹೇಳಿದ್ದಾರೆ ಎಂದು ಒಪ್ಪಿಕೊಳ್ಳಲೂ ಇಲ್ಲ, ಪರೀಕ್ಷೆಗೆ ಒಡ್ಡಿದರು. ಫಿಲಡೆಲ್ಫಿಯಾದ ಫಾಕ್ಸ್ ಚೇಸ್ ಕ್ಯಾನ್ಸರ್ ಕೇಂದ್ರದಲ್ಲಿ ವೆಂಕಟೇಶ್ವರನ್, ಮಿಲ್‌ಮನ್ ಮತ್ತು ಬ್ಲೂಮ್‌ಬರ್ಗ್ 1987ರಲ್ಲಿ ಪ್ರಕಟಿಸಿದ ಫಲಿತಾಂಶ ಹೀಗಿತ್ತು: ಗಿಡದ ನೀರಿನ ಸಾರ ವೈರಸ್ಸಿನ ಡಿಎನ್‌ಎ ಪಾಲಿಮರೇಸ್ ಎಂಬ ಕಿಣ್ವವನ್ನು ತಡೆಯುತ್ತದೆ, ಎಚ್‌ಬಿಎಸ್‌ಎಜಿಗೆ ಅಂಟಿಕೊಳ್ಳುತ್ತದೆ. ವುಡ್‌ಚಕ್ ಎಂಬ ಅಳಿಲಿನ ಕುಲದ ಪ್ರಾಣಿಗೆ ಹೆಪಟೈಟಿಸ್ ಬಿಯ ಹತ್ತಿರದ ಸಂಬಂಧಿ ವೈರಸ್ ತಗಲುತ್ತದೆ. ಅವುಗಳ ಹೊಟ್ಟೆಯೊಳಕ್ಕೆ ಸಾರ ಚುಚ್ಚಿದಾಗ ಕೆಲವುಗಳಲ್ಲಿ ವೈರಸ್ ಇಳಿಯಿತು.

ಮುಂದಿನ ವರ್ಷ, 1988ರಲ್ಲಿ, ಮದ್ರಾಸ್ ವಿಶ್ವವಿದ್ಯಾನಿಲಯದ ಎಸ್.ಪಿ. ತ್ಯಾಗರಾಜನ್ ಮತ್ತು ಸಂಗಡಿಗರು ಬ್ಲೂಮ್‌ಬರ್ಗ್ ಜೊತೆ ಸೇರಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಮನುಷ್ಯರ ಮೇಲಿನ ಪ್ರಯೋಗವನ್ನು ಪ್ರಕಟಿಸಿದರು. ಒಣಗಿಸಿ ಪುಡಿ ಮಾಡಿದ ಗಿಡ, ಕ್ಯಾಪ್ಸೂಲಿಗೆ 200 ಮಿಲಿಗ್ರಾಂ, ದಿನಕ್ಕೆ ಮೂರು ಸಲ, 30 ದಿನ. ಮದ್ದು ಮುಗಿಸಿ 15ರಿಂದ 20 ದಿನಗಳ ನಂತರ ನೋಡಿದರೆ ಮದ್ದು ತೆಗೆದುಕೊಂಡ 37 ಮಂದಿಯಲ್ಲಿ 22 ಮಂದಿಗೆ, ಅಂದರೆ ಶೇ. 59 ಜನರಿಗೆ, ಎಚ್‌ಬಿಎಸ್‌ಎಜಿ ಇರಲಿಲ್ಲ. ಹೋಲಿಕೆಗಾಗಿ ಮದ್ದಿಲ್ಲದ ಸುಳ್ಳುಮಾತ್ರೆ ತೆಗೆದುಕೊಂಡ 23 ಮಂದಿಯಲ್ಲಿ ಹಾಗಾದದ್ದು ಒಬ್ಬರಿಗೆ ಮಾತ್ರ. ವರ್ಷಕ್ಕೆ ನೂರರಲ್ಲಿ ಒಬ್ಬರಿಗೆ ಆಗುವಂಥದ್ದು ತಿಂಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಆಯಿತೆಂದರೆ ಜಗತ್ತೇ ತಿರುಗಿ ನೋಡಬೇಕಾದ ಸುದ್ದಿ. ನೋಡಿತು ಕೂಡ.

ಬೇರೆ ಕಡೆ ಮಾಡಿದಾಗ ಆ ಫಲಿತಾಂಶ ಮರಳಿ ಸಿಗಲಿಲ್ಲ. ಥಾಯ್ಲೆಂಡಿನವರು 1990ರಲ್ಲಿ, ನ್ಯೂಜಿಲೆಂಡಿನವರು 1994ರಲ್ಲಿ ಪ್ರಯತ್ನಿಸಿದರು. ಎಚ್‌ಬಿಎಸ್‌ಎಜಿ ಹೋಗಲಿಲ್ಲ. ಲಭ್ಯವಿದ್ದ ಪ್ರಯೋಗಗಳನ್ನೆಲ್ಲ ಒಟ್ಟಿಗಿಟ್ಟು ತೂಗಿದ ಕಾಕ್ರೇನ್ ವಿಮರ್ಶೆ 2011ರಲ್ಲಿ ಬಂತು. ಹೆಪಟೈಟಿಸ್ ಬಿಗೆ ಈ ಜಾತಿಯ ಗಿಡಗಳು ಸುಳ್ಳುಮಾತ್ರೆಗಿಂತ ಮೇಲು ಎನ್ನಲು ನಂಬತಕ್ಕ ಪುರಾವೆ ಇಲ್ಲ ಎಂದಿತು.

ಎಲ್ಲಿ ತಪ್ಪಿತು? ಒಂದೇ ಉತ್ತರ ಇದಕ್ಕಿಲ್ಲ. ಆದರೆ ಪ್ರತಿ ಹಂತದಲ್ಲೂ ಏನೇನು ಎಡವಬಹುದು ಎಂಬುದು ಇಂದು ಚೆನ್ನಾಗಿ ಗೊತ್ತಿದೆ. ಸಂಶೋಧಕರ ನಿಜವಾದ ಕೆಲಸ ಇರುವುದೂ ಅಲ್ಲೇ.

ಗಿಡದಿಂದಲೇ ಶುರು ಮಾಡೋಣ. 1987ರ ಪ್ರಬಂಧದಲ್ಲಿ ಗಿಡದ ಹೆಸರು ಫಿಲ್ಯಾಂಥಸ್ ನಿರೂರಿ ಎಂದಿತ್ತು. ಮುಂದಿನ ವರ್ಷದ ಪ್ರಬಂಧದ ಹೊತ್ತಿಗೆ ಅದು ಫಿಲ್ಯಾಂಥಸ್ ಅಮಾರಸ್ ಆಯಿತು. ನಿಜವಾದ ನಿರೂರಿ ಅಮೆರಿಕ ಖಂಡದ ಗಿಡ. ನಮ್ಮ ತೋಟದಲ್ಲಿ ಹೆಚ್ಚಾಗಿರುವುದು ಅಮಾರಸ್. ಆದರೆ ಅದರ ಪಕ್ಕದಲ್ಲೇ ಅದೇ ಕುಲದ ಯೂರಿನೇರಿಯಾ, ಡೆಬಿಲಿಸ್ ಮುಂತಾದವೂ ಬೆಳೆಯುತ್ತವೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ ಹಿಡಿದು ನೋಡಿದರೆ ಗುರುತು ಸಿಗುತ್ತದೆ. ಅಮಾರಸ್‌ನ ಹೂವಿಗೆ ಐದು ಎಸಳು, ಕಾಯಿ ನುಣುಪು, ಸಣ್ಣ ತೊಟ್ಟಿನ ಮೇಲೆ ತೂಗುತ್ತದೆ. ಯೂರಿನೇರಿಯಾದ ಕಾಂಡದಲ್ಲಿ ಕೆಂಪು ಛಾಯೆ, ಕಾಯಿ ತರಿತರಿ, ತೊಟ್ಟು ಇಲ್ಲವೇ ಇಲ್ಲ ಎನ್ನುವಷ್ಟು ಗಿಡ್ಡ. ಡೆಬಿಲಿಸ್‌ಗೆ ಆರು ಎಸಳು. ಒಣಗಿ ಪುಡಿಯಾದ ಮೇಲೆ ಇದ್ಯಾವುದೂ ಕಣ್ಣಿಗೆ ತಿಳಿಯದು. ದಕ್ಷಿಣ ಭಾರತದ ಗಿಡಮೂಲಿಕೆ ಅಂಗಡಿಗಳಿಂದ ತಂದ ನೆಲನೆಲ್ಲಿಯನ್ನು ಡಿಎನ್‌ಎ ಮೂಲಕ ಪರೀಕ್ಷಿಸಿದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಸುಮಾರು ನಾಲ್ಕನೇ ಒಂದು ಪಾಲು ಅಂಗಡಿಗಳ ಮಾಲಿನಲ್ಲಿ ಬೇರೆ ಜಾತಿಗಳು ಸೇರಿದ್ದವು.

ಆದ್ದರಿಂದ ಯಾವುದೇ ಸಸ್ಯದ ಕೆಲಸಕ್ಕೆ ಮೊದಲ ಹೆಜ್ಜೆ ಹೂ, ಕಾಯಿ, ಬೇರು ಇರುವ ಪೂರ್ತಿ ಗಿಡವನ್ನು ಒತ್ತಿ ಒಣಗಿಸಿ, ಹರ್ಬೇರಿಯಮ್ಮಿಗೆ, ಅಂದರೆ ಒಣಸಸ್ಯಗಳ ಸಂಗ್ರಹಾಲಯಕ್ಕೆ, ಕೊಟ್ಟು, ಸಂಖ್ಯೆ ಪಡೆಯುವುದು. ಸ್ಥಳ, ದಿನಾಂಕ, ಗಿಡ ಹೂಬಿಟ್ಟಿತ್ತೇ ಎಂಬುದೆಲ್ಲ ಚೀಟಿಯಲ್ಲಿ ಇರಬೇಕು. ಇದನ್ನು ಮಾಡದೆ ಪಿಎಚ್‌ಡಿಯ ಮೂರನೇ ವರ್ಷದಲ್ಲಿ ಪ್ರಬಂಧ ಕಳುಹಿಸಿದರೆ ಪತ್ರಿಕೆಯವರು ಮೊದಲು ಕೇಳುವುದೇ ಆ ಸಂಖ್ಯೆ. ಮಾದರಿಯನ್ನು ಹೊರದೇಶದ ಲ್ಯಾಬಿಗೆ ಕಳುಹಿಸಬೇಕಾದರೆ 2002ರ ಜೈವಿಕ ವೈವಿಧ್ಯ ಕಾಯ್ದೆಯ ಅನುಮತಿಯ ವಿಚಾರವನ್ನೂ ಮೊದಲೇ ನೋಡಿಕೊಳ್ಳಬೇಕು.

ಒಣಗಿಸುವುದು ನೆರಳಲ್ಲಿ, ಅಥವಾ ಗಾಳಿಯಾಡುವ ಓವನ್ನಿನಲ್ಲಿ 40 ಡಿಗ್ರಿಯ ಒಳಗೆ. ಕಾಸರಗೋಡಿನ ಜುಲೈಯಲ್ಲಿ ನೆರಳಲ್ಲಿ ಹರಡಿದರೆ ಒಣಗುವ ಮೊದಲು ಬೂಸ್ಟು ಬರುತ್ತದೆ. ಬೂಸ್ಟಿನ ವಿಷವೇ ಆಮೇಲೆ ಜೀವಕೋಶ ಕೊಂದು ಗೊಂದಲ ಮಾಡುತ್ತದೆ. ಹಾಗಾಗಿ ಮಳೆಗಾಲದಲ್ಲಿ ಓವನ್ನೇ ಸರಿ. ಪುಡಿಯನ್ನು ನೀರು, ಎಥನಾಲ್ ಹೀಗೆ ಬೇರೆ ಬೇರೆ ದ್ರಾವಕಗಳಲ್ಲಿ ನೆನೆಸಿ, ಸೋಸಿ, ಒಣಗಿಸಿದರೆ ಸಾರ. ನೀರಿನಲ್ಲಿ ಒಗರು ಕೊಡುವ ಟ್ಯಾನಿನ್ ಹೆಚ್ಚು ಇಳಿಯುತ್ತದೆ. ಫಿಲ್ಯಾಂಥಿನ್‌ನಂಥ ಲಿಗ್ನಾನ್‌ಗಳು ಎಂಬ ಬೇರೆ ಬಗೆಯ ಸಸ್ಯರಾಸಾಯನಿಕಗಳು ಎಥನಾಲಿಗೆ ಚೆನ್ನಾಗಿ ಬರುತ್ತವೆ. ಒಂದೇ ಗಿಡದ ಎರಡು ಸಾರಗಳೂ ಮದ್ದಿನ ಲೆಕ್ಕದಲ್ಲಿ ಎರಡು ಬೇರೆ ವಸ್ತುಗಳು.

ಮುಂದೆ ಜೀವಕೋಶಗಳ ಮೇಲೆ ಪರೀಕ್ಷೆ. ಇಲ್ಲಿ ಎರಡು ಅಂಕಿ ಬೇಕು. ಅರ್ಧದಷ್ಟು ಜೀವಕೋಶ ಸಾಯುವ ಸಾಂದ್ರತೆ, ಸಿಸಿ50. ವೈರಸ್ ಅರ್ಧಕ್ಕೆ ಇಳಿಯುವ ಸಾಂದ್ರತೆ, ಇಸಿ50. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಬರುವ ಸಂಖ್ಯೆ ಹತ್ತಕ್ಕಿಂತ ಮೇಲಿದ್ದರೆ ಮುಂದುವರಿಯಲು ಅರ್ಥವಿದೆ ಎಂಬುದು ಲ್ಯಾಬುಗಳ ರೂಢಿ. ಎರಡು ಮೂರು ಬಂದರೆ ಆ ಸಾರ ವೈರಸ್ ಕೊಲ್ಲುತ್ತಿಲ್ಲ, ವೈರಸ್ ಬೆಳೆಯುವ ಮನೆಯನ್ನೇ ಕೆಡವುತ್ತಿದೆ.

ಮಾಡುವ ಕ್ರಮ ಸರಳ. ಸಾರವನ್ನು ಡಿಎಂಎಸ್‌ಒ ದ್ರಾವಕದಲ್ಲಿ ಒಂದು ಮಿಲಿಲೀಟರಿಗೆ 100 ಮಿಲಿಗ್ರಾಂ ಕರಗಿಸಿಟ್ಟುಕೊಳ್ಳಿ. ಜೀವಕೋಶದ ಮಾಧ್ಯಮದಲ್ಲಿ 200 ಪಟ್ಟು ತೆಳುಮಾಡಿದರೆ 500 ಮೈಕ್ರೊಗ್ರಾಂ ಆಗುತ್ತದೆ, ಡಿಎಂಎಸ್‌ಒ ಶೇ. 0.5ಕ್ಕೆ ನಿಲ್ಲುತ್ತದೆ. ಅದಕ್ಕಿಂತ ಮೇಲೆ ಹೋದರೆ ದ್ರಾವಕವೇ ಕೋಶಕ್ಕೆ ತೊಂದರೆ ಕೊಡುತ್ತದೆ. ಅಲ್ಲಿಂದ ಅರ್ಧರ್ಧ ಇಳಿಸುತ್ತ 250, 125, 62.5 ಎಂದು ಎಂಟು ಹಂತ. ಪ್ರತಿ ಹಂತದಲ್ಲೂ ಡಿಎಂಎಸ್‌ಒ ಪ್ರಮಾಣ ಒಂದೇ ಇರಬೇಕು, ಹಾಗಾಗಿ ತೆಳುಮಾಡುವ ಮಾಧ್ಯಮಕ್ಕೂ ಶೇ. 0.5 ಸೇರಿಸಿರಬೇಕು. ಇದನ್ನು ಮರೆಯುವವರು ಬಹಳ. 96 ಗುಳಿಯ ಪ್ಲೇಟಿನ ಅಂಚಿನ ಗುಳಿಗಳಲ್ಲಿ ನೀರು ಬೇಗ ಆವಿಯಾಗಿ ಸಾಂದ್ರತೆ ಏರುತ್ತದೆ. ಅಲ್ಲಿ ಬರೀ ನೀರು ತುಂಬಿ, ಒಳಗಿನ 60 ಗುಳಿಗಳಲ್ಲಿ ಮಾತ್ರ ಪ್ರಯೋಗ ಮಾಡಬೇಕು.

ಕೋಶ ಬದುಕಿದೆಯೇ ಎಂದು ನೋಡಲು ಎಂಟಿಟಿ ಎಂಬ ಹಳದಿ ಬಣ್ಣ ಹಾಕುತ್ತಾರೆ. ಜೀವಂತ ಕೋಶ ಅದನ್ನು ನೇರಳೆಗೆ ತಿರುಗಿಸುತ್ತದೆ. ಆದರೆ ಟ್ಯಾನಿನ್ ಮುಂತಾದ ಸಸ್ಯದ ಪಾಲಿಫಿನಾಲ್‌ಗಳು ಕೋಶವೇ ಇಲ್ಲದೆ ಈ ಹಳದಿಯನ್ನು ನೇರಳೆ ಮಾಡಬಲ್ಲವು! ಸತ್ತ ಕೋಶಗಳಿರುವ ಗುಳಿ ಬದುಕಿದಂತೆ ಓದುತ್ತದೆ, ಸಿಸಿ50 ಸುಳ್ಳಾಗಿ ಏರುತ್ತದೆ. ಪರಿಹಾರ ಕಷ್ಟದ್ದೇನಲ್ಲ: ಕೋಶವಿಲ್ಲದ ಗುಳಿಗಳಲ್ಲಿ ಸಾರ ಮತ್ತು ಎಂಟಿಟಿ ಮಾತ್ರ ಹಾಕಿ ಓದಬೇಕು, ಬಣ್ಣ ಹಾಕುವ ಮೊದಲು ಸಾರವನ್ನು ತೊಳೆದು ತೆಗೆಯಬೇಕು, ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ನೋಡಬೇಕು.

ಹೆಪಟೈಟಿಸ್ ಬಿಯಲ್ಲಿ ಇನ್ನೊಂದು ಬಲೆ ಇದೆ. ಹೆಪ್‌ಜಿ2.2.15 ಎಂಬ ಲಿವರ್ ಕೋಶಗಳು ಸದಾ ಈ ವೈರಸ್ಸನ್ನು ಹೊರಬಿಡುತ್ತಿರುತ್ತವೆ. ಮಾಧ್ಯಮದಲ್ಲಿರುವ ಎಚ್‌ಬಿಎಸ್‌ಎಜಿಯನ್ನು ಎಲೈಸಾ ಎಂಬ ಪ್ರತಿಕಾಯ ಬಳಸುವ ಪರೀಕ್ಷೆಯಿಂದ ಅಳೆದು, ಸಾರ ಹಾಕಿದ ಮೇಲೆ ಇಳಿಯಿತೇ ಎಂದು ನೋಡುತ್ತಾರೆ. ಟ್ಯಾನಿನ್‌ಗಳು ಕಂಡ ಕಂಡ ಪ್ರೊಟೀನಿಗೆಲ್ಲ ಅಂಟುವಂಥವು, ಎಳೆ ಅಡಿಕೆ ಅಗಿದಾಗ ಬಾಯಿ ಒಗರಾಗುವುದು ಅದರಿಂದಲೇ. ಎಚ್‌ಬಿಎಸ್‌ಎಜಿಗೂ ಅಂಟುತ್ತವೆ, ಎಲೈಸಾದ ಪ್ರತಿಕಾಯಕ್ಕೂ ಅಂಟುತ್ತವೆ, ಪಾಲಿಮರೇಸ್ ಕಿಣ್ವಕ್ಕೂ ಅಂಟುತ್ತವೆ. ವೈರಸ್ ಹಾಗೆಯೇ ಇರುತ್ತದೆ, ಅಳತೆ ಮಾತ್ರ ಇಳಿಯುತ್ತದೆ. ಇದನ್ನು ಹಿಡಿಯಲು ವೈರಸ್ ಇರುವ ಮಾಧ್ಯಮವನ್ನು ಕೋಶಗಳಿಂದ ಬೇರೆ ತೆಗೆದು, ಅದಕ್ಕೆ ಸಾರ ಸೇರಿಸಿ, ತಕ್ಷಣ ಅಳೆಯಬೇಕು. ಆಗಲೂ ಓದು ಇಳಿದರೆ ಅದು ಮದ್ದಿನ ಗುಣವಲ್ಲ, ಪರೀಕ್ಷೆಗೆ ಆದ ಅಡಚಣೆ. ಹೀಗೆ ಹೋಲಿಸಿ ನೋಡುವ ಈ ಒಂದು ನಿಯಂತ್ರಣ ಇಲ್ಲದ ಸಸ್ಯ ಪ್ರಬಂಧವನ್ನು ನಾನು ನಂಬುವುದಿಲ್ಲ.

ಯಾವ ಕೋಶ ಆರಿಸುತ್ತೇವೆ ಎಂಬುದೂ ಮುಖ್ಯ. ಕೋವಿಡ್ ಕಾಲದಲ್ಲಿ ಕ್ಲೋರೋಕ್ವಿನ್ ವೀರೋ ಕೋಶಗಳಲ್ಲಿ ವೈರಸ್ಸನ್ನು ತಡೆಯಿತು. ವೀರೋ ಎಂದರೆ ಆಫ್ರಿಕದ ಮಂಗನ ಮೂತ್ರಪಿಂಡದ ಕೋಶ. ಮನುಷ್ಯರ ಶ್ವಾಸಕೋಶದ ಕ್ಯಾಲು-3 ಕೋಶಗಳಲ್ಲಿ ಅದೇ ಮದ್ದು ಕೆಲಸ ಮಾಡಲಿಲ್ಲ ಎಂದು ಜರ್ಮನಿಯ ತಂಡ 2020ರಲ್ಲೇ ತೋರಿಸಿತು. ಶ್ವಾಸಕೋಶದ ಕೋಶದ ಹೊರಮೈಯಲ್ಲಿ ಟಿಎಂಪಿಆರ್‌ಎಸ್‌ಎಸ್2 ಎಂಬ ಕಿಣ್ವವಿದೆ, ವೈರಸ್ ಅದರ ಸಹಾಯದಿಂದ ನೇರವಾಗಿ ಒಳಹೋಗುತ್ತದೆ. ವೀರೋದಲ್ಲಿ ಆ ದಾರಿ ಇಲ್ಲದ್ದರಿಂದ ಸುತ್ತುದಾರಿ ಹಿಡಿಯುತ್ತದೆ, ಕ್ಲೋರೋಕ್ವಿನ್ ಮುಚ್ಚುವುದು ಆ ಸುತ್ತುದಾರಿಯನ್ನು.

ಎಲ್ಲ ಸರಿಯಾಗಿ ಇಸಿ50 ಒಂದು ಮಿಲಿಲೀಟರಿಗೆ 50 ಮೈಕ್ರೊಗ್ರಾಂ ಬಂತು ಎಂದುಕೊಳ್ಳಿ. ಐದು ಲೀಟರ್ ರಕ್ತದಲ್ಲಿ ಆ ಸಾಂದ್ರತೆ ಬರಬೇಕಾದರೆ 250 ಮಿಲಿಗ್ರಾಂ ಸಾರ ಒಮ್ಮೆಗೇ ರಕ್ತದಲ್ಲಿರಬೇಕು. ಅಂಗಾಂಗಗಳಿಗೆ ಹೋಗುವುದು, ಲಿವರ್ ಒಡೆಯುವುದು, ಮೂತ್ರದಲ್ಲಿ ಹೋಗುವುದು ಇದರಲ್ಲಿ ಸೇರಿಲ್ಲ. ದಿನಕ್ಕೆ 600 ಮಿಲಿಗ್ರಾಂ ಗಿಡದ ಪುಡಿ ನುಂಗಿದರೆ ಅದರಲ್ಲಿ ಕರಗುವುದು ಒಂದು ಪಾಲು, ಕರುಳು ದಾಟುವುದು ಅದರಲ್ಲೂ ಒಂದು ಪಾಲು. ಟ್ಯಾನಿನ್‌ಗಳಂಥ ದೊಡ್ಡ ಅಣುಗಳಂತೂ ಇಡಿಯಾಗಿ ದಾಟುವುದೇ ಅಪರೂಪ. ವುಡ್‌ಚಕ್‌ಗೆ ಹೊಟ್ಟೆಯೊಳಕ್ಕೆ ಚುಚ್ಚಿದ್ದಕ್ಕೂ ಮನುಷ್ಯರಿಗೆ ನುಂಗಿಸಿದ್ದಕ್ಕೂ ಇರುವ ಅಂತರ ಇದೇ.

ಈ ಗೋಡೆ ದಾಟಿದವರ ಕತೆಯನ್ನೂ ಹೇಳಬೇಕು. 1950ರ ಸುಮಾರಿಗೆ ರಸಾಯನ ವಿಜ್ಞಾನಿ ವರ್ನರ್ ಬರ್ಗ್‌ಮನ್ ಕೆರಿಬಿಯನ್ ಕಡಲಿನ ಸ್ಪಂಜಿನಲ್ಲಿ ವಿಚಿತ್ರ ಸಕ್ಕರೆ ಇರುವ ನ್ಯೂಕ್ಲಿಯೊಸೈಡ್‌ಗಳನ್ನು ಕಂಡರು. ಡಿಎನ್‌ಎಯ ಇಟ್ಟಿಗೆಯ ಹಾಗೆ ಕಂಡರೂ ಸ್ವಲ್ಪ ಬೇರೆ. ಅದೇ ಎಳೆ ಹಿಡಿದು ರಸಾಯನ ವಿಜ್ಞಾನಿಗಳು ಹೊಸ ಹೊಸ ಅಣು ಕಟ್ಟಿದರು. ಪ್ರಾಗ್‌ನ ಆಂಟೊನಿನ್ ಹೋಲಿ ಅಣುಗಳನ್ನು ತಯಾರಿಸುತ್ತಿದ್ದರು, ಬೆಲ್ಜಿಯಂನ ಲೂವೆನ್‌ನಲ್ಲಿ ಎರಿಕ್ ಡಿ ಕ್ಲರ್ಕ್ ಅವನ್ನು ವೈರಸ್‌ಗಳ ಮೇಲೆ ಪರೀಕ್ಷಿಸುತ್ತಿದ್ದರು. ಆ ಒಡನಾಟದಿಂದ 1980ರ ದಶಕದಲ್ಲಿ ಹುಟ್ಟಿದ್ದು ಟೆನೊಫೊವಿರ್ ಎಂಬ ಮದ್ದು. ವೈರಸ್ಸಿನ ಪಾಲಿಮರೇಸ್ ಅದನ್ನು ಡಿಎನ್‌ಎಯ ತುಂಡೆಂದು ತಿಳಿದು ಜೋಡಿಸಿಕೊಳ್ಳುತ್ತದೆ, ಮುಂದಿನ ತುಂಡು ಕೂರಲು ಕೊಂಡಿಯೇ ಇಲ್ಲದ್ದರಿಂದ ಸರಪಳಿ ಅಲ್ಲಿಗೇ ನಿಲ್ಲುತ್ತದೆ. ಅಣುವಿಗೆ ವಿದ್ಯುದಾವೇಶ ಇದ್ದುದರಿಂದ ಕರುಳು ದಾಟುತ್ತಿರಲಿಲ್ಲ. ಅದನ್ನು ಮುಚ್ಚುವ ರಾಸಾಯನಿಕ ಗುಂಪು ಸೇರಿಸಿ, ದೇಹದೊಳಗೆ ಕಳಚುವಂತೆ ಮಾಡಿದ ಮೇಲೆ ಮಾತ್ರೆಯಾಯಿತು. ಎಚ್‌ಐವಿಗೆ 2001ರಲ್ಲಿ, ಹೆಪಟೈಟಿಸ್ ಬಿಗೆ 2008ರಲ್ಲಿ ಅಮೆರಿಕದ ಅನುಮತಿ ಸಿಕ್ಕಿತು. ಆರೋಗ್ಯವಂತರಿಗೆ ಎಚ್‌ಐವಿ ತಗಲದಂತೆ ತಡೆಯಲು ಟೆನೊಫೊವಿರ್ ಇರುವ ಮಾತ್ರೆಗೆ ಅಲ್ಲಿ ಒಪ್ಪಿಗೆ ಸಿಕ್ಕಿದ ದಿನವೇ, 2012ರ ಜುಲೈ 16ರಂದು, ಹೋಲಿ ತೀರಿಕೊಂಡರು. ಭಾರತದಲ್ಲಿ 2018ರ ಜುಲೈ 28ಕ್ಕೆ ಶುರುವಾದ ರಾಷ್ಟ್ರೀಯ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಹೆಪಟೈಟಿಸ್ ಬಿ ಮತ್ತು ಸಿಗೆ ಉಚಿತ ಚಿಕಿತ್ಸೆ ಇದೆ. ಎಚ್‌ಬಿಎಸ್‌ಎಜಿ ಪಾಸಿಟಿವ್ ಬಂದವರು ಪಂಡಿತರ ಬಳಿ ಗುಟ್ಟಾಗಿ ಮದ್ದು ಮಾಡುವ ಬದಲು ವೈರಲ್ ಲೋಡ್ (ರಕ್ತದಲ್ಲಿ ವೈರಸ್ ಎಷ್ಟಿದೆ ಎಂಬ ಅಳತೆ) ಮತ್ತು ಲಿವರ್ ಪರೀಕ್ಷೆ ಮಾಡಿಸಿ, ಮಾತ್ರೆ ಬೇಕೇ ಎಂದು ತಿಳಿದುಕೊಳ್ಳಬೇಕು. ಎಲ್ಲರಿಗೂ ಬೇಕಾಗುವುದಿಲ್ಲ.

ಈ ದಾರಿ ಹಿಡಿಯುವವರಿಗೆ ನಮ್ಮ ಜಿಲ್ಲೆಯಲ್ಲೇ ಪೆರಿಯದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಬಯೊಕೆಮಿಸ್ಟ್ರಿ ಮತ್ತು ಮಾಲಿಕ್ಯುಲರ್ ಬಯಾಲಜಿ, ಜೀನೋಮಿಕ್ ಸಯನ್ಸ್ ವಿಭಾಗಗಳು ಅಲ್ಲಿವೆ. ವೈರಸ್ಸಿನ ಮೇಲೆಯೇ ಎಂಎಸ್ಸಿ ಬೇಕೆಂದರೆ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ. ಪಿಎಚ್‌ಡಿಗೆ ಸಿಎಸ್‌ಐಆರ್-ಯುಜಿಸಿ, ಐಸಿಎಂಆರ್, ಡಿಬಿಟಿ ಈ ಮೂರರಲ್ಲಿ ಯಾವುದಾದರೂ ಜೆಆರ್‌ಎಫ್, ಅಂದರೆ ಸಂಶೋಧನಾ ವಿದ್ಯಾರ್ಥಿವೇತನ, ಗೆದ್ದಿದ್ದರೆ ಮಾರ್ಗದರ್ಶಕರನ್ನು ಆರಿಸುವ ಸ್ವಾತಂತ್ರ್ಯ ಸಿಗುತ್ತದೆ. 2023ರ ಪರಿಷ್ಕರಣೆಯಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ, ಜೊತೆಗೆ ಮನೆಬಾಡಿಗೆ ಭತ್ಯೆ. ಐದು ವರ್ಷ ಹಿಡಿಯುತ್ತದೆ ಎಂದೇ ಲೆಕ್ಕ ಹಾಕಿಕೊಳ್ಳಿ. ರಕ್ತದ ಮಾದರಿ ಮುಟ್ಟುವ ಮೊದಲು ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್, ಅಂದರೆ ಮೊದಲ ದಿನ, ತಿಂಗಳ ನಂತರ, ಆರು ತಿಂಗಳಿಗೆ, ಮುಗಿಸಿ ಪ್ರತಿಕಾಯದ ಮಟ್ಟ ಮಿಲಿಲೀಟರಿಗೆ 10 ಮಿಲಿ ಐಯುಗಿಂತ ಮೇಲಿದೆಯೇ ಎಂದು ಪರೀಕ್ಷಿಸಿಕೊಳ್ಳಬೇಕು.

ನೆಲನೆಲ್ಲಿಯ ಪ್ರಶ್ನೆಯನ್ನು ಇಂದು ಮತ್ತೆ ಎತ್ತಿಕೊಂಡರೆ ಕೆಲಸ ಬೇರೆ ಥರ ಶುರುವಾಗಬೇಕು. ಟೆನೊಫೊವಿರ್ ವೈರಸ್ಸಿನ ಹೊಸ ಪ್ರತಿಗಳನ್ನು ನಿಲ್ಲಿಸುತ್ತದೆಯೇ ಹೊರತು ಲಿವರ್ ಕೋಶದ ನ್ಯೂಕ್ಲಿಯಸ್ಸಿನಲ್ಲಿ ಸುರುಳಿ ಸುತ್ತಿ ಕೂತ ವೈರಸ್ಸಿನ ಮೂಲ ಡಿಎನ್‌ಎಯನ್ನು ತೆಗೆಯುವುದಿಲ್ಲ. ಅದಕ್ಕೇ ಹೆಚ್ಚಿನವರಿಗೆ ಮಾತ್ರೆ ವರ್ಷಗಟ್ಟಲೆ. ಬೀಜಿಂಗ್‌ನ ವೆನ್‌ಹುಯಿ ಲಿ ತಂಡ 2012ರಲ್ಲಿ ಈ ವೈರಸ್ ಲಿವರ್ ಕೋಶಕ್ಕೆ ಹೊಗುವ ಬಾಗಿಲು ಎನ್‌ಟಿಸಿಪಿ ಎಂಬ ಪ್ರೊಟೀನು ಎಂದು ಕಂಡುಹಿಡಿದ ಮೇಲೆ, ಆ ಪ್ರೊಟೀನು ಸೇರಿಸಿದ ಹೆಪ್‌ಜಿ2 ಕೋಶಗಳಿಗೆ ಲ್ಯಾಬಿನಲ್ಲೇ ಸೋಂಕು ತಗಲಿಸಿ ಆ ಮೂಲ ಡಿಎನ್‌ಎಯನ್ನು ನೇರವಾಗಿ ಅಳೆಯಬಹುದು. ಹರ್ಬೇರಿಯಂ ಸಂಖ್ಯೆ ಇರುವ ಅಮಾರಸ್ ಗಿಡ, ಟ್ಯಾನಿನ್ ತೆಗೆದ ಸಾರ ಮತ್ತು ತೆಗೆಯದ ಸಾರ, ಪಕ್ಕದಲ್ಲಿ ಟೆನೊಫೊವಿರ್, ಕೋಶವಿಲ್ಲದ ನಿಯಂತ್ರಣ ಇಷ್ಟನ್ನೂ ಇಟ್ಟುಕೊಂಡು, ಸೋಂಕಿನ ಮೊದಲೇ ಸಾರ ಹಾಕಿದ ಪ್ಲೇಟು ಒಂದು, ಸೋಂಕು ನೆಲೆಯೂರಿದ ಮೇಲೆ ಹಾಕಿದ ಪ್ಲೇಟು ಇನ್ನೊಂದು. ಮೊದಲನೆಯದರಲ್ಲಿ ಮಾತ್ರ ಇಳಿದರೆ ಅದು ಬಾಗಿಲಲ್ಲಿ ತಡೆಯುವಂಥದ್ದು, ಈಗಾಗಲೇ ಸೋಂಕಿರುವವರ ವೈರಸ್ಸನ್ನು ತೆಗೆಯುವಂಥದ್ದಲ್ಲ. ಎರಡನೆಯದರಲ್ಲೂ ಮೂಲ ಡಿಎನ್‌ಎ ಇಳಿದು, ಕೋಶಗಳು ಆರೋಗ್ಯವಾಗಿದ್ದರೆ, ಆಗ ಸಾರವನ್ನು ಒಂದೊಂದೇ ಭಾಗವಾಗಿ ಒಡೆದು ಯಾವ ಅಣು ಎಂದು ಹುಡುಕಲು ಕೂರಬಹುದು.